ನೊರೆಯಲ್ಲಿ ಸಿಕ್ಕ ಉಸಿರು

1950ರ ದಶಕದ ಆರಂಭ. ಇಂಗ್ಲೆಂಡಿನ ಪೋರ್ಟನ್ ಡೌನ್‌ನಲ್ಲಿದ್ದ ಸೇನೆಯ ಪ್ರಯೋಗಾಲಯದಲ್ಲಿ ರಿಚರ್ಡ್ ಪ್ಯಾಟಲ್ ಎಂಬ ವಿಜ್ಞಾನಿ ನೊರೆಯ ಹಿಂದೆ ಬಿದ್ದಿದ್ದರು. ಫಾಸ್ಜೀನ್‌ನಂಥ ಯುದ್ಧದ ವಿಷಾನಿಲ ಎಳೆದುಕೊಂಡವರ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ, ಆ ನೀರು ಗಾಳಿಯೊಡನೆ ಕಲೆತು ನೊರೆಯಾಗುತ್ತದೆ, ನೊರೆ ಉಸಿರಿನ ದಾರಿಯನ್ನೇ ಕಟ್ಟುತ್ತದೆ. ಆ ನೊರೆಯನ್ನು ಒಡೆಯುವ ರಾಸಾಯನಿಕ ಸಿಕ್ಕರೆ ಸೈನಿಕರನ್ನು ಉಳಿಸಬಹುದು ಎಂಬುದು ಲೆಕ್ಕಾಚಾರ. ಆದರೆ ಬೇರೆ ನೊರೆಗಳನ್ನೆಲ್ಲ ಕ್ಷಣದಲ್ಲಿ ಅಡಗಿಸುವ ಔಷಧಿಗಳು ಶ್ವಾಸಕೋಶದ ನೊರೆಯ ಮುಂದೆ ಸೋತವು. ಪ್ಯಾಟಲ್ ಆರೋಗ್ಯವಂತ ಪ್ರಾಣಿಯ ಶ್ವಾಸಕೋಶದ ಚೂರೊಂದನ್ನು ಹಿಂಡಿ, ಹೊರಬಂದ ಗುಳ್ಳೆಗಳನ್ನು ನೀರಿನಲ್ಲಿ ತೇಲಿಬಿಟ್ಟು ಸೂಕ್ಷ್ಮದರ್ಶಕದಡಿ ನೋಡಿದರು. ನೀರಿನ ಸಾಮಾನ್ಯ ಗುಳ್ಳೆ ಅಷ್ಟು ಚಿಕ್ಕದಾಗಿದ್ದರೆ ಕುಗ್ಗುತ್ತಾ ಹೋಗಿ ಬೇಗನೆ ಮಾಯವಾಗಬೇಕು. ಇವು ಇದ್ದ ಗಾತ್ರದಲ್ಲೇ ನಿಂತಿದ್ದವು.

ಗುಳ್ಳೆಯನ್ನು ಹಿಚುಕಿ ಮಾಯಮಾಡುವುದು ನೀರಿನ ಮೇಲ್ಮೈ ಎಳೆತ. ಹಾಗಾದರೆ ಈ ಗುಳ್ಳೆಗಳ ಮೇಲೆ ಆ ಎಳೆತವನ್ನು ಹೆಚ್ಚುಕಡಿಮೆ ಸೊನ್ನೆಗಿಳಿಸುವ ಯಾವುದೋ ಪೊರೆ ಇದೆ ಎಂದಾಯಿತು. 1955ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ಯಾಟಲ್ ಇದನ್ನು ಚುಟುಕಾಗಿ ಬರೆದರು. ಆಮೇಲೆ ಬರೆದ ದೊಡ್ಡ ಪ್ರಬಂಧದಲ್ಲಿ, ದಿನ ತುಂಬದೆ ಹುಟ್ಟುವ ಮಕ್ಕಳಿಗೆ ಈ ಪೊರೆ ಇಲ್ಲದಿರುವುದೂ ಒಂದು ಕಷ್ಟವಾಗಿರಬಹುದು ಎಂಬ ಅನುಮಾನವನ್ನು ಹೋಗುಹೋಗುತ್ತಾ ಸೇರಿಸಿದರು. ವಿಷಾನಿಲದ ಪರಿಹಾರ ಹುಡುಕುತ್ತಿದ್ದವರ ಕೈಗೆ ಹಸುಗೂಸುಗಳ ಉಸಿರಿನ ಗುಟ್ಟು ಸಿಕ್ಕಿದ್ದು ಹೀಗೆ.

ಆ ಹೊತ್ತಿಗೆ ಹೆರಿಗೆ ಆಸ್ಪತ್ರೆಗಳಲ್ಲಿ ನಡೆಯುತ್ತಿದ್ದುದೇನು? ಏಳು ತಿಂಗಳಿಗೋ ಎಂಟು ತಿಂಗಳಿಗೋ ಹುಟ್ಟಿದ ಮಗು ಮೊದಲು ಅಳುತ್ತದೆ, ಬಣ್ಣವೂ ಪರವಾಗಿಲ್ಲ ಎನ್ನಿಸುತ್ತದೆ. ಗಂಟೆ ಕಳೆಯುವುದರೊಳಗೆ ಉಸಿರಾಟ ಜೋರಾಗುತ್ತದೆ. ಪ್ರತಿ ಉಸಿರಿಗೂ ಪಕ್ಕೆ ಒಳಕ್ಕೆ ಸೆಳೆಯುತ್ತದೆ, ಎದೆಯ ನಡುವಿನ ಮೂಳೆ ಗುಳಿ ಬೀಳುತ್ತದೆ, ಮೂಗಿನ ಹೊಳ್ಳೆ ಅರಳುತ್ತವೆ, ಉಸಿರು ಬಿಡುವಾಗ ‘ಹ್ಞ್, ಹ್ಞ್’ ಎಂದು ನರಳುವ ಸದ್ದು ಬರುತ್ತದೆ. ತುಟಿ ನೀಲಿಯಾಗುತ್ತದೆ. ಎರಡು ಮೂರು ದಿನದಲ್ಲಿ ಇತ್ತಲೋ ಅತ್ತಲೋ ತೀರ್ಮಾನ. ಬದುಕಿದರೆ ಏನೂ ಆಗಿಲ್ಲವೆಂಬಂತೆ ಚೇತರಿಸಿಕೊಳ್ಳುತ್ತಿತ್ತು, ಸತ್ತರೆ ಮರಣೋತ್ತರ ಪರೀಕ್ಷೆಯಲ್ಲಿ ಗಾಳಿಯೇ ಇಲ್ಲದ, ಯಕೃತ್ತಿನಂತೆ ಕಪ್ಪುಗೆಂಪಾದ ಶ್ವಾಸಕೋಶ ಸಿಗುತ್ತಿತ್ತು. ಒಳಗಿನ ಗಾಳಿಗೂಡುಗಳಿಗೆ ಗಾಜಿನಂಥ ಒಂದು ಪೊರೆ ಅಂಟಿರುತ್ತಿತ್ತು. 1903ರಲ್ಲೇ ಜರ್ಮನಿಯ ಹೋಕ್‌ಹೈಮ್ ಇದನ್ನು ವರ್ಣಿಸಿದ್ದರು. ಆ ಪೊರೆಯಿಂದಲೇ ಕಾಯಿಲೆಗೆ ‘ಹಯಲೀನ್ ಮೆಂಬ್ರೇನ್’ ಎಂಬ ಹೆಸರು ಬಂತು. ಮಗು ಗರ್ಭದ ನೀರನ್ನೋ ಹಾಲನ್ನೋ ಉಸಿರಿಗೆಳೆದುಕೊಂಡಿದ್ದರಿಂದ ಹೀಗಾಯಿತೆಂದು ವೈದ್ಯರು ದಶಕಗಳ ಕಾಲ ವಾದಿಸಿದರು. ಎಲ್ಲರ ಕಣ್ಣೂ ಅಲ್ಲಿ ಕಾಣುತ್ತಿದ್ದ ಪೊರೆಯ ಮೇಲಿತ್ತು. ಇರಬೇಕಾಗಿದ್ದು ಇಲ್ಲ ಎಂಬುದು ಯಾರಿಗೂ ಹೊಳೆಯಲಿಲ್ಲ.

ಯಾರಿಗೂ ಎಂದರೆ ತಪ್ಪಾದೀತು. 1929ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಕುರ್ಟ್ ವಾನ್ ನೀರ್‌ಗಾರ್ಡ್ ಎಂಬ ವೈದ್ಯರು ದೇಹದಿಂದ ಹೊರತೆಗೆದ ಶ್ವಾಸಕೋಶವನ್ನು ಒಮ್ಮೆ ಗಾಳಿಯಿಂದ, ಇನ್ನೊಮ್ಮೆ ದ್ರವದಿಂದ ಉಬ್ಬಿಸಿ ನೋಡಿದ್ದರು. ದ್ರವ ತುಂಬಿಸುವುದಕ್ಕೆ ಬೇಕಾದ ಒತ್ತಡ ಗಾಳಿಗೆ ಬೇಕಾದುದಕ್ಕಿಂತ ಬಹಳ ಕಡಿಮೆ. ಅಂದರೆ ಶ್ವಾಸಕೋಶವನ್ನು ಕುಗ್ಗಿಸುವ ಬಲದ ದೊಡ್ಡ ಪಾಲು ಅದರ ನಾರಿನದಲ್ಲ, ಒಳಮೈಯ ತೇವ ಗಾಳಿಯನ್ನು ಸಂಧಿಸುವ ಮೇಲ್ಮೈಯದು. ಒದ್ದೆ ಸೀರೆಯ ಪದರಗಳು ಒಂದಕ್ಕೊಂದು ಅಂಟಿ ಬಿಡಿಸಲು ಬಾರದಂತಾಗುತ್ತವಲ್ಲ, ಒಳಗಿನ ಗೂಡುಗಳದ್ದೂ ಅದೇ ಪಾಡು. ಹುಟ್ಟಿದ ಮಗುವಿನ ಮೊದಲ ಉಸಿರಿಗೆ ಇದು ಅಡ್ಡಿಯಾಗುತ್ತದೆಯೇ ನೋಡಬೇಕು ಎಂದೂ ನೀರ್‌ಗಾರ್ಡ್ ಬರೆದಿದ್ದರು. ಪ್ರಬಂಧ ಜರ್ಮನ್ ಭಾಷೆಯಲ್ಲಿತ್ತು. ಇಪ್ಪತ್ತೈದು ವರ್ಷ ಅದನ್ನು ಯಾರೂ ಕೈಗೆತ್ತಿಕೊಳ್ಳಲಿಲ್ಲ.

ಎತ್ತಿಕೊಂಡವರಲ್ಲಿ ಒಬ್ಬರು ಜಾನ್ ಕ್ಲೆಮೆಂಟ್ಸ್. ಅವರೂ ಸೇನೆಯವರೇ, ಅಮೆರಿಕದ ಮೇರಿಲ್ಯಾಂಡಿನ ಎಡ್ಜ್‌ವುಡ್‌ನ ರಾಸಾಯನಿಕ ಅಸ್ತ್ರಗಳ ಕೇಂದ್ರದಲ್ಲಿದ್ದವರು. ಪ್ಯಾಟಲ್ ಗುಳ್ಳೆ ನೋಡಿ ಊಹಿಸಿದ್ದನ್ನು ಕ್ಲೆಮೆಂಟ್ಸ್ ಅಳೆದು ತೋರಿಸಿದರು. ತಟ್ಟೆಯೊಂದರಲ್ಲಿ ಶ್ವಾಸಕೋಶ ತೊಳೆದ ದ್ರವ, ಅದರ ಮೇಲ್ಮೈಯನ್ನು ಹಿಗ್ಗಿಸಿ ಕುಗ್ಗಿಸಲು ಸರಿದಾಡುವ ಅಡ್ಡಪಟ್ಟಿ, ಎಳೆತ ಅಳೆಯಲು ಮೇಲಿನಿಂದ ಇಳಿಬಿಟ್ಟ ಪ್ಲಾಟಿನಂ ಹಾಳೆ. ಮೇಲ್ಮೈಯನ್ನು ಕುಗ್ಗಿಸಿದರೆ ಎಳೆತ ಕುಸಿಯುತ್ತಿತ್ತು, ಹಿಗ್ಗಿಸಿದರೆ ಏರುತ್ತಿತ್ತು. ಬರೀ ನೀರು ಹೀಗೆ ಮಾಡುವುದಿಲ್ಲ. ಉಸಿರು ಬಿಟ್ಟಾಗ ಗಾಳಿಗೂಡುಗಳು ಮುಚ್ಚಿಹೋಗದಂತೆ ತಡೆಯುವ ಏರ್ಪಾಡು ಇದೇ ಎಂದು 1957ರಲ್ಲಿ ಪ್ರಕಟಿಸಿದರು. ಆ ವಸ್ತುವಿಗೆ ಮುಂದೆ ನಿಂತ ಹೆಸರು ಸರ್ಫ್ಯಾಕ್ಟಂಟ್.

ಈ ಇಡೀ ಕಥೆಯಲ್ಲಿ ಅತ್ಯಂತ ಚುರುಕಾದ ಹೆಜ್ಜೆ ಇಟ್ಟವರು ಮೇರಿ ಎಲೆನ್ ಏವರಿ. ಜಾನ್ಸ್ ಹಾಪ್ಕಿನ್ಸ್‌ನಲ್ಲಿ ವೈದ್ಯಪದವಿ ಮುಗಿಸಿದ ಸ್ವಲ್ಪ ದಿನಕ್ಕೇ ಕ್ಷಯ ತಗಲಿಸಿಕೊಂಡು ಮಲಗಿದ್ದವರು. ಶ್ವಾಸಕೋಶದ ಬಗ್ಗೆ ಅವರಿಗೆ ಆಸಕ್ತಿ ಹುಟ್ಟಿಸಿದ್ದು ಆ ಕಾಯಿಲೆಯೇ. 1957ರಲ್ಲಿ ಬಾಸ್ಟನ್‌ನಲ್ಲಿ ಜೆರ್ ಮೀಡ್ ಅವರ ಪ್ರಯೋಗಾಲಯ ಸೇರಿದ ಏವರಿ, ಬಿಡುವಾದಾಗ ಅಲ್ಲಿನ ಹೆರಿಗೆ ಆಸ್ಪತ್ರೆಯಲ್ಲಿ ಸತ್ತ ಶಿಶುಗಳ ಶ್ವಾಸಕೋಶಗಳನ್ನು ನೋಡುತ್ತಿದ್ದರು. ಬೇರೆ ಕಾರಣಕ್ಕೆ ಸತ್ತ ಮಕ್ಕಳ ಶ್ವಾಸಕೋಶದಲ್ಲಿ ನೊರೆ ಇರುತ್ತಿತ್ತು, ಹಯಲೀನ್ ಪೊರೆಯ ಕಾಯಿಲೆಯಿಂದ ಸತ್ತವರಲ್ಲಿ ನೊರೆಯೇ ಇರಲಿಲ್ಲ. ಕ್ಲೆಮೆಂಟ್ಸರ ಪ್ರಬಂಧ ಓದಿದವರೇ ಆ ಚಳಿಗಾಲ ಎಡ್ಜ್‌ವುಡ್‌ಗೆ ಹೋಗಿ ತಟ್ಟೆ, ಪಟ್ಟಿ, ಹಾಳೆಗಳ ಆ ಉಪಕರಣವನ್ನು ಕಣ್ಣಾರೆ ಕಂಡರು. ವಾಪಸು ಬಂದು ಅಂಥದ್ದೇ ಒಂದನ್ನು ಕಟ್ಟಿದರು. 1959ರಲ್ಲಿ ಏವರಿ ಮತ್ತು ಮೀಡ್ ಬರೆದ ಪ್ರಬಂಧದ ಸಾರ ಇಷ್ಟೆ: ತೀರಾ ಚಿಕ್ಕ ಮಕ್ಕಳ ಮತ್ತು ಈ ಕಾಯಿಲೆಯಿಂದ ಸತ್ತ ಮಕ್ಕಳ ಶ್ವಾಸಕೋಶದ ದ್ರವದಲ್ಲಿ ಎಳೆತ ಇಳಿಯುವುದೇ ಇಲ್ಲ. ಪೊರೆ ಕಾರಣವಲ್ಲ, ಪರಿಣಾಮ. ಸರ್ಫ್ಯಾಕ್ಟಂಟ್ ಇಲ್ಲದೆ ಪ್ರತಿ ಉಸಿರಿಗೂ ಮುಚ್ಚಿ ತೆರೆದು, ತೆರೆದು ಮುಚ್ಚಿ ಹರಿದುಹೋದ ಒಳಮೈ ಸುರಿಸಿದ ರಸವೇ ಹೆಪ್ಪುಗಟ್ಟಿ ಪೊರೆಯಾಗುತ್ತದೆ.

ಕಾರಣ ತಿಳಿಯಿತು. ಕೈಗೇನೂ ಬರಲಿಲ್ಲ.

1963ರ ಆಗಸ್ಟ್ 7ರಂದು ಅಮೆರಿಕದ ಅಧ್ಯಕ್ಷ ಜಾನ್ ಕೆನಡಿ ಅವರ ಮಗ ಪ್ಯಾಟ್ರಿಕ್ ಐದೂವರೆ ವಾರ ಮುಂಚೆ ಹುಟ್ಟಿದ. ತೂಕ ಎರಡು ಕಿಲೋಗಿಂತ ಸ್ವಲ್ಪ ಹೆಚ್ಚು. ಇಂದು ಯಾವುದೇ ಜಿಲ್ಲಾ ಆಸ್ಪತ್ರೆಯ ನವಜಾತ ಶಿಶು ಘಟಕದಲ್ಲಿ ಇಂಥ ಮಗುವನ್ನು ಕಂಡರೆ ದಾದಿಯರು ಅಷ್ಟಾಗಿ ಗಾಬರಿಯಾಗುವುದಿಲ್ಲ. ಅಂದು ಮಗುವನ್ನು ಬಾಸ್ಟನ್‌ನ ಮಕ್ಕಳ ಆಸ್ಪತ್ರೆಗೆ ಸಾಗಿಸಿ, ಆಮ್ಲಜನಕವನ್ನು ಅಧಿಕ ಒತ್ತಡದಲ್ಲಿ ತುಂಬುವ ಉಕ್ಕಿನ ಕೋಣೆಯಲ್ಲಿಟ್ಟರು. 39 ಗಂಟೆ ಬದುಕಿತು. ಏವರಿ ಅವರ ಪ್ರಬಂಧ ಬಂದು ಆಗಲೇ ನಾಲ್ಕು ವರ್ಷವಾಗಿತ್ತು. ಈ ಸಾವಿನಿಂದ ಕಾಯಿಲೆಯ ಹೆಸರು ಪತ್ರಿಕೆಗಳ ಮುಖಪುಟ ಸೇರಿತು, ಸಂಶೋಧನೆಗೆ ಹಣವೂ ಹರಿಯತೊಡಗಿತು.

ಆಮ್ಲಜನಕದ ಮಾತು ಬಂದಿದ್ದರಿಂದ ಹತ್ತಿಪ್ಪತ್ತು ವರ್ಷ ಹಿಂದಕ್ಕೆ ಹೋಗಬೇಕು. 1940ರ ದಶಕದಲ್ಲಿ ಒಳ್ಳೆಯ ಆಸ್ಪತ್ರೆಗಳೆಲ್ಲ ಗಾಳಿಯಾಡದ ಹೊಸ ಇನ್‌ಕ್ಯುಬೇಟರ್‌ಗಳನ್ನು ತರಿಸಿಕೊಂಡು ದಿನ ತುಂಬದ ಮಕ್ಕಳಿಗೆ ವಾರಗಟ್ಟಲೆ ಧಾರಾಳವಾಗಿ ಆಮ್ಲಜನಕ ಕೊಟ್ಟವು. ಕೊಟ್ಟರೆ ಬಣ್ಣ ಬರುತ್ತಿತ್ತು, ಕೇಡೇನಿದೆ ಎಂಬ ನಂಬಿಕೆ. 1942ರಲ್ಲಿ ಬಾಸ್ಟನ್‌ನ ನೇತ್ರವೈದ್ಯ ಟೆರಿ ಇಂಥ ಮಕ್ಕಳಲ್ಲಿ ಹೊಸ ಬಗೆಯ ಕುರುಡನ್ನು ಗುರುತಿಸಿದರು. ಹತ್ತು ವರ್ಷದಲ್ಲಿ ಜಗತ್ತಿನಾದ್ಯಂತ ಸುಮಾರು 10,000 ಮಕ್ಕಳ ಕಣ್ಣು ಹೋಯಿತು. ವಿಚಿತ್ರವೆಂದರೆ ಸಿರಿವಂತ ಆಸ್ಪತ್ರೆಗಳಲ್ಲೇ ಹೆಚ್ಚು. ಮೆಲ್ಬರ್ನ್‌ನ ಕೇಟ್ ಕ್ಯಾಂಪ್‌ಬೆಲ್ 1951ರಲ್ಲಿ ಆಮ್ಲಜನಕದತ್ತ ಬೊಟ್ಟು ಮಾಡಿದರು. ವಾಷಿಂಗ್ಟನ್‌ನಲ್ಲಿ ಆರ್ನಾಲ್ ಪ್ಯಾಟ್ಸ್ ಕೆಲವು ಮಕ್ಕಳಿಗೆ ಹೆಚ್ಚು, ಕೆಲವರಿಗೆ ಕಡಿಮೆ ಕೊಟ್ಟು ಹೋಲಿಸಹೊರಟರೆ, ಕಡಿಮೆಯ ಗುಂಪಿನ ಮಕ್ಕಳ ಮೇಲೆ ಕನಿಕರಪಟ್ಟು ರಾತ್ರಿ ಪಾಳಿಯ ದಾದಿಯರು ಗುಟ್ಟಾಗಿ ಆಮ್ಲಜನಕ ಏರಿಸುತ್ತಿದ್ದರಂತೆ. 1954ರಲ್ಲಿ ಹಲವು ಆಸ್ಪತ್ರೆಗಳ ಒಟ್ಟು ಪ್ರಯೋಗ ಕ್ಯಾಂಪ್‌ಬೆಲ್ ಹೇಳಿದ್ದನ್ನೇ ದೃಢಪಡಿಸಿತು.

ಆಗ ವೈದ್ಯರು ಇನ್ನೊಂದು ತುದಿಗೆ ಜಿಗಿದರು. ಮಗು ನೀಲಿಯಾಗಿದ್ದರೂ ಸರಿ, ಶೇ 40ಕ್ಕಿಂತ ಹೆಚ್ಚು ಆಮ್ಲಜನಕ ಕೊಡಕೂಡದು ಎಂಬ ಕಟ್ಟಳೆ ಬಂತು. ಕುರುಡು ಇಳಿಯಿತು, ಉಸಿರುಕಟ್ಟಿ ಸಾಯುವುದು ಏರಿತು. 1973ರಲ್ಲಿ ಲಂಡನ್ನಿನ ಕೆನೆತ್ ಕ್ರಾಸ್ ಲೆಕ್ಕ ಹಾಕಿ, ಉಳಿಸಿದ ಒಂದೊಂದು ಮಗುವಿನ ಕಣ್ಣಿಗೆ ಸುಮಾರು 16 ಮಕ್ಕಳ ಜೀವ ಹೋಗಿರಬಹುದು ಎಂದರು. ಲೆಕ್ಕದ ಬಗ್ಗೆ ತಕರಾರಿರಬಹುದು, ಅದು ತೋರಿದ ದಿಕ್ಕಿನ ಬಗ್ಗೆ ಇಲ್ಲ. ನವಜಾತರ ಶ್ವಾಸದ ಚರಿತ್ರೆಯಲ್ಲಿ ಮತ್ತೆ ಮತ್ತೆ ಕಾಣುವ ವಿಷಯ ಇದು: ಪರೀಕ್ಷಿಸದ ಚಿಕಿತ್ಸೆ ಒಂದೇ ವರ್ಷದಲ್ಲಿ ಊರೂರಿಗೆ ಹಬ್ಬುತ್ತದೆ, ಪರೀಕ್ಷಿಸಿ ಗೆದ್ದ ಚಿಕಿತ್ಸೆ ಇಪ್ಪತ್ತು ವರ್ಷ ಬಾಗಿಲಲ್ಲಿ ಕಾಯುತ್ತದೆ. ನೀರ್‌ಗಾರ್ಡ್ ಕಾದರು. ಮುಂದೆ ಬರುವ ಲಿಗಿನ್ಸ್ ಅವರೂ ಕಾದರು.

ವೆಂಟಿಲೇಟರಿನದೂ ಇಂಥದೇ ಕಥೆ. 1961ರ ಅಕ್ಟೋಬರ್ 31ರಂದು ಅಮೆರಿಕದ ವ್ಯಾಂಡರ್‌ಬಿಲ್ಟ್‌ನಲ್ಲಿ ಮಿಲ್‌ಡ್ರೆಡ್ ಸ್ಟಾಲ್‌ಮನ್ ಪೋಲಿಯೊ ಕಾಲದ ಉಕ್ಕಿನ ಪೆಟ್ಟಿಗೆಯ ಪುಟ್ಟ ರೂಪವೊಂದರಲ್ಲಿ ಹೆಣ್ಣುಮಗುವೊಂದನ್ನಿಟ್ಟು ಉಳಿಸಿಕೊಂಡರು. ಆ ಮಗು ಬೆಳೆದು ಅದೇ ಘಟಕದಲ್ಲಿ ದಾದಿಯಾಯಿತು. ಟೊರಾಂಟೊದಲ್ಲಿ ಮರಿಯಾ ಡೆಲಿವೋರಿಯಾ-ಪಾಪಡೊಪುಲೋಸ್ ದೊಡ್ಡವರ ಯಂತ್ರವನ್ನೇ ಶಿಶುಗಳಿಗೆ ಒಗ್ಗಿಸಿದರು. ಸಾಯಲಿದ್ದವರು ಬದುಕತೊಡಗಿದರು. ಆದರೆ 1967ರಲ್ಲಿ ಸ್ಟ್ಯಾನ್‌ಫರ್ಡ್‌ನ ವಿಕಿರಣತಜ್ಞ ವಿಲಿಯಂ ನಾರ್ತ್‌ವೇ ಮತ್ತು ಜೊತೆಗಾರರು 32 ಮಕ್ಕಳ ಎಕ್ಸ್‌ರೇಗಳನ್ನು ಸಾಲಾಗಿಟ್ಟು ನೋಡಿದಾಗ, ಯಂತ್ರ ಮತ್ತು ಶೇ 80ರಿಂದ 100ರಷ್ಟು ಆಮ್ಲಜನಕದಲ್ಲಿ ದಿನಗಟ್ಟಲೆ ಇದ್ದ ಕೆಲವರ ಶ್ವಾಸಕೋಶ ವಾಸಿಯಾಗುವ ಬದಲು ಕಲೆಗಟ್ಟಿ, ಅಲ್ಲಲ್ಲಿ ಊದಿ, ಅಲ್ಲಲ್ಲಿ ಮುದುಡಿದ್ದು ಕಂಡಿತು. ಅವರು ಕೊಟ್ಟ ಹೆಸರು ಬ್ರಾಂಕೋಪಲ್ಮನರಿ ಡಿಸ್‌ಪ್ಲೇಸಿಯಾ. ಅಲ್ಲಿಯವರೆಗೆ ವೈದ್ಯಶಾಸ್ತ್ರದಲ್ಲಿ ಇಂಥ ಕಾಯಿಲೆಯೇ ಇರಲಿಲ್ಲ, ಏಕೆಂದರೆ ಅದು ಬರುವಷ್ಟು ದಿನ ಇಂಥ ಮಕ್ಕಳು ಬದುಕಿರುತ್ತಿರಲಿಲ್ಲ.

ಯಂತ್ರದ ಹೊಡೆತ ಕಡಿಮೆ ಮಾಡುವ ದಾರಿ ತೋರಿಸಿದ್ದು ಮಕ್ಕಳ ನರಳಾಟವೇ. ಕೇಪ್‌ಟೌನ್‌ನಲ್ಲಿ ಹ್ಯಾರಿಸನ್, ಹೀಸ್ ಮತ್ತು ಕ್ಲೈನ್ 1968ರಲ್ಲಿ ಒಂದು ಸರಳ ಪ್ರಶ್ನೆ ಕೇಳಿದರು: ಈ ಕೂಸುಗಳು ಉಸಿರು ಬಿಡುವಾಗ ನರಳುವುದೇಕೆ? ಗಂಟಲಿಗೆ ಕೊಳವೆ ಇಳಿಸಿದರೆ ಧ್ವನಿಪೆಟ್ಟಿಗೆ ಮುಚ್ಚಲಾಗದು, ನರಳಲೂ ಆಗದು. ಹಾಗೆ ಮಾಡಿದಾಗ ರಕ್ತದ ಆಮ್ಲಜನಕ ಇಳಿಯಿತು. ಕೊಳವೆ ತೆಗೆದಾಗ ಮಗು ಮತ್ತೆ ನರಳಿತು, ಆಮ್ಲಜನಕ ಏರಿತು. ಅಂದರೆ ಮಗು ಅರ್ಧ ಮುಚ್ಚಿದ ಗಂಟಲಿನ ವಿರುದ್ಧ ಉಸಿರನ್ನು ತಡೆತಡೆದು ಬಿಡುತ್ತಾ ಗಾಳಿಗೂಡುಗಳು ಮುಚ್ಚದಂತೆ ತಾನೇ ಕಾಪಾಡಿಕೊಳ್ಳುತ್ತಿತ್ತು. ಸ್ಯಾನ್ ಫ್ರಾನ್ಸಿಸ್ಕೊದ ಅರಿವಳಿಕೆ ತಜ್ಞ ಜಾರ್ಜ್ ಗ್ರೆಗರಿ ಅದನ್ನೇ ಚಿಕಿತ್ಸೆಯಾಗಿಸಿದರು. ಮಗು ತಾನೇ ಉಸಿರಾಡಲಿ, ಒಳಗೆ ಸದಾ ಒಂದಿಷ್ಟು ಒತ್ತಡ ಇರಲಿ. 1971ರ ವರದಿಯಲ್ಲಿ ಅವರು ಹೀಗೆ ನೋಡಿಕೊಂಡ 20 ಮಕ್ಕಳಲ್ಲಿ 16 ಉಳಿದಿದ್ದವು. ಇದೇ ಸಿಪ್ಯಾಪ್. ಉಸಿರು ಹೊರಹೋಗುವ ಕೊಳವೆಯ ತುದಿಯನ್ನು ಐದು ಸೆಂಟಿಮೀಟರ್ ನೀರಿನಲ್ಲಿ ಮುಳುಗಿಸಿಟ್ಟರೆ ಅಷ್ಟು ಒತ್ತಡ ತಾನಾಗಿ ನಿಲ್ಲುತ್ತದೆ. ನಮ್ಮ ಆಸ್ಪತ್ರೆಗಳಲ್ಲೂ ‘ಬಬಲ್ ಸಿಪ್ಯಾಪ್’ ಎನ್ನುವುದು ಇದನ್ನೇ. ನ್ಯೂಯಾರ್ಕಿನ ಕೊಲಂಬಿಯಾದಲ್ಲಿ ಜೆನ್-ಟಿಯೆನ್ ವುಂಗ್ ವೆಂಟಿಲೇಟರ್‌ಗೆ ಅವಸರಪಡದೆ ಹಟ ಹಿಡಿದು ಇದನ್ನೇ ಬಳಸಿದರು. 1987ರಲ್ಲಿ ಏವರಿ ಎಂಟು ಕೇಂದ್ರಗಳನ್ನು ಹೋಲಿಸಿದಾಗ ದೀರ್ಘಕಾಲದ ಶ್ವಾಸಕೋಶ ಹಾನಿ ಎಲ್ಲರಿಗಿಂತ ಕಡಿಮೆ ಇದ್ದದ್ದು ಅಲ್ಲಿಯೇ.

ಇನ್ನು ನ್ಯೂಜಿಲೆಂಡಿನ ಕುರಿಮರಿ. ಆಕ್ಲೆಂಡಿನ ಪ್ರಸೂತಿ ತಜ್ಞ ಗ್ರಹಾಂ ಲಿಗಿನ್ಸ್ ಅವರಿಗೆ ಶ್ವಾಸಕೋಶದ ಚಿಂತೆಯೇ ಇರಲಿಲ್ಲ. ಹೆರಿಗೆ ನೋವು ಶುರುವಾಗುವುದು ಹೇಗೆ ಎಂದು ಗಬ್ಬದ ಕುರಿಗಳ ಮೇಲೆ ಪ್ರಯೋಗ ನಡೆಸಿ, ಭ್ರೂಣಕ್ಕೆ ಸ್ಟಿರಾಯ್ಡ್ ಕೊಡುತ್ತಿದ್ದರು. ಕುರಿಯ ಗರ್ಭ ಸುಮಾರು 150 ದಿನದ್ದು. ಒಂದು ಮರಿ 117ನೇ ದಿನಕ್ಕೆ ಹುಟ್ಟಿತು. ಅಷ್ಟು ಎಳೆಯ ಮರಿಯ ಶ್ವಾಸಕೋಶ ತೆರೆದುಕೊಳ್ಳುವ ಮಾತೇ ಇಲ್ಲ. ಅದು ಉಸಿರಾಡುತ್ತಿತ್ತು! ಸತ್ತ ಮೇಲೆ ಕೊಯ್ದು ನೋಡಿದರೆ ಶ್ವಾಸಕೋಶದಲ್ಲಿ ಅಲ್ಲಲ್ಲಿ ಗಾಳಿ. ಸ್ಟಿರಾಯ್ಡ್ ಶ್ವಾಸಕೋಶವನ್ನು ಬೇಗ ಬಲಿಯುವಂತೆ ಮಾಡಿದೆ ಎಂದು ಲಿಗಿನ್ಸ್ ಊಹಿಸಿದರು. ಬೇರೆಯವರಾಗಿದ್ದರೆ ಮಾರನೆಯ ದಿನದಿಂದಲೇ ಎಲ್ಲ ಬಸುರಿಯರಿಗೂ ಚುಚ್ಚುತ್ತಿದ್ದರೋ ಏನೋ. ಲಿಗಿನ್ಸ್ ಮತ್ತು ಮಕ್ಕಳ ತಜ್ಞ ರಾಸ್ ಹೌವೀ 1969ರ ಕೊನೆಯಲ್ಲಿ ಕ್ರಮಬದ್ಧ ಪ್ರಯೋಗ ಆರಂಭಿಸಿದರು. ಅವಧಿಗೆ ಮುನ್ನ ಹೆರುವ ಸಂಭವವಿದ್ದ 282 ತಾಯಂದಿರಲ್ಲಿ ಕೆಲವರಿಗೆ ಬೀಟಾಮೆಥಸೋನ್, ಉಳಿದವರಿಗೆ ಹೋಲಿಕೆಗಾಗಿ ಬೇರೆ ಚುಚ್ಚುಮದ್ದು. 1972ರಲ್ಲಿ ಬಂದ ಫಲಿತಾಂಶ: ಉಸಿರಾಟದ ಕಾಯಿಲೆ ಸ್ಟಿರಾಯ್ಡ್ ಪಡೆದವರ ಮಕ್ಕಳಲ್ಲಿ ಶೇ 9, ಉಳಿದವರಲ್ಲಿ ಶೇ 25.8.

ಇದಕ್ಕಿಂತ ಸ್ಪಷ್ಟವಾದ ಉತ್ತರ ವೈದ್ಯಶಾಸ್ತ್ರದಲ್ಲಿ ಅಪರೂಪ. ಆದರೂ ಪ್ರಸೂತಿ ವೈದ್ಯರು ಹಿಂಜರಿದರು. ಸೋಂಕು ಬಂದರೆ, ಮಗುವಿನ ಬೆಳವಣಿಗೆ ಕುಂಠಿತವಾದರೆ ಎಂಬ ಭಯ. ಒಂದಾದ ಮೇಲೊಂದು ಪ್ರಯೋಗ ಅದೇ ಉತ್ತರ ಕೊಟ್ಟರೂ ಯಾರೂ ಅವನ್ನು ಒಟ್ಟಿಗೆ ಕೂಡಿಸಿ ನೋಡಲಿಲ್ಲ. 1990ರಲ್ಲಿ ಪೆಟ್ರಿಶಿಯಾ ಕ್ರೌಲಿ ಮತ್ತು ಸಂಗಡಿಗರು ಕೂಡಿಸಿದರು. ಜಗತ್ತಿನ ವೈದ್ಯಕೀಯ ಪ್ರಯೋಗಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆಯ ಲಾಂಛನದಲ್ಲಿರುವ ಅಡ್ಡಗೆರೆಗಳು ಈ ಸ್ಟಿರಾಯ್ಡ್ ಪ್ರಯೋಗಗಳವೇ. 1994ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಇದನ್ನು ಶಿಫಾರಸು ಮಾಡುವ ವೇಳೆಗೆ ಆ ದೇಶದಲ್ಲೇ ಬೇಕಿದ್ದ ಐವರು ತಾಯಂದಿರಲ್ಲಿ ಒಬ್ಬರಿಗೂ ಅದು ಸಿಗುತ್ತಿರಲಿಲ್ಲ.

ಇಲ್ಲದ ಸರ್ಫ್ಯಾಕ್ಟಂಟನ್ನು ಹೊರಗಿನಿಂದ ಕೊಡುವ ಪ್ರಯತ್ನ 1960ರ ದಶಕದಲ್ಲೇ ನಡೆದು ಸೋತಿತ್ತು. ಅದರ ಮುಖ್ಯ ಕೊಬ್ಬನ್ನಷ್ಟೇ ತುಂತುರಾಗಿ ಮೂಗಿಗೆ ಬಿಟ್ಟಿದ್ದರು. ಸ್ಟಾಕ್‌ಹೋಮ್‌ನಲ್ಲಿ ಎನ್‌ಹಾರ್ನಿಂಗ್ ಮತ್ತು ರಾಬರ್ಟ್‌ಸನ್ ಮೊಲದ ಮರಿಗಳಿಗೆ ನಿಜವಾದ ಸರ್ಫ್ಯಾಕ್ಟಂಟನ್ನು ಶ್ವಾಸನಾಳಕ್ಕೇ ಹಾಕಿ ಗೆದ್ದರು. 1980ರಲ್ಲಿ ಜಪಾನಿನ ಅಕಿಟಾದ ತೆತ್ಸುರೊ ಫುಜಿವಾರಾ ದನದ ಶ್ವಾಸಕೋಶದಿಂದ ತೆಗೆದ ಸಾರವನ್ನು ಹತ್ತು ಶಿಶುಗಳ ಶ್ವಾಸನಾಳಕ್ಕೆ ಸುರಿದರು. ಬೆಳ್ಳಗೆ ಮಸುಕಾಗಿದ್ದ ಎಕ್ಸ್‌ರೇ ಕೆಲವೇ ಗಂಟೆಗಳಲ್ಲಿ ತಿಳಿಯಾಯಿತು, ಆಮ್ಲಜನಕದ ಅಗತ್ಯ ಇಳಿಯಿತು. ಪ್ಯಾಟಲ್ ಗುಳ್ಳೆ ನೋಡಿ ಆಗಲೇ 25 ವರ್ಷ ಕಳೆದಿತ್ತು. 1990ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟ ಮೊದಲ ಸರ್ಫ್ಯಾಕ್ಟಂಟ್ ಔಷಧಿಯನ್ನು ರೂಪಿಸಿದವರು, ಎಡ್ಜ್‌ವುಡ್‌ನಲ್ಲಿ ತಟ್ಟೆ ಕಟ್ಟಿ ಕೂತಿದ್ದ ಅದೇ ಕ್ಲೆಮೆಂಟ್ಸ್.

ಗೆಲುವಿನ ಈ ಭರದಲ್ಲೂ ಹಳೆಯ ಚಾಳಿ ಬಿಡಲಿಲ್ಲ. 1980, 90ರ ದಶಕಗಳಲ್ಲಿ ವೆಂಟಿಲೇಟರ್‌ನಿಂದ ಬಿಡಿಸಲೆಂದು ಹುಟ್ಟಿದ ಮಕ್ಕಳಿಗೇ ವಾರಗಟ್ಟಲೆ ಡೆಕ್ಸಾಮೆಥಸೋನ್ ಎಂಬ ಸ್ಟಿರಾಯ್ಡ್ ಕೊಟ್ಟರು. ಯಂತ್ರ ಬೇಗ ಬಿಟ್ಟಿತು. ಆದರೆ ಆ ಮಕ್ಕಳು ನಡೆಯುವ ವಯಸ್ಸಿಗೆ ಬಂದಾಗ ಸೆರೆಬ್ರಲ್ ಪಾಲ್ಸಿ ಹೆಚ್ಚಾಗಿ ಕಂಡಿತು, 2002ರಲ್ಲಿ ಅಮೆರಿಕದ ಮಕ್ಕಳ ತಜ್ಞರ ಸಂಘ ಅದರ ವಾಡಿಕೆಯ ಬಳಕೆ ಬೇಡವೆಂದಿತು. ಆಮ್ಲಜನಕದ ವಿಷಯದಲ್ಲಿ ಬುದ್ಧಿ ಹೇಳಿದ್ದು ದೆಹಲಿ. ಅಳದೆ ಹುಟ್ಟಿದ ಮಗುವಿಗೆ ಶುದ್ಧ ಆಮ್ಲಜನಕವನ್ನೇ ಊದಬೇಕೆಂಬುದು ಆವರೆಗಿನ ಶಾಸ್ತ್ರ. ಅಲ್ಲಿನ ಸಿದ್ಧಾರ್ಥ ರಾಮ್‌ಜಿ ನಾರ್ವೆಯ ಸೌಗ್‌ಸ್ಟಾಡ್ ಜೊತೆ ಸೇರಿ 84 ಮಕ್ಕಳಲ್ಲಿ ಹೋಲಿಸಿ, ಕೋಣೆಯ ಗಾಳಿಯೂ ಅಷ್ಟೇ ಕೆಲಸ ಮಾಡುತ್ತದೆ ಎಂದು 1993ರಲ್ಲಿ ತೋರಿಸಿದರು. ದಿನ ತುಂಬಿದ ಮಗುವಿಗೆ ಮೊದಲು ಗಾಳಿಯನ್ನೇ ಕೊಡಿ ಎಂದು ಅಂತರರಾಷ್ಟ್ರೀಯ ಮಾರ್ಗಸೂಚಿ ಒಪ್ಪಲು 2010 ಬರಬೇಕಾಯಿತು.

ಕರ್ನಾಟಕ ಈ ಚರಿತ್ರೆಯೊಳಗೆ ಬರುವುದು ಬೆಳಗಾವಿಯ ಮೂಲಕ. ತಾಯಿಗೆ ಕೊಡುವ ಸ್ಟಿರಾಯ್ಡ್ ಚುಚ್ಚುಮದ್ದು ಅಗ್ಗದ್ದು, ಹಳ್ಳಿಯ ಆರೋಗ್ಯ ಕೇಂದ್ರದಲ್ಲೂ ಕೊಡಬಹುದಾದದ್ದು. ಹಾಗಿದ್ದ ಮೇಲೆ ಬಡ ದೇಶಗಳ ಹಳ್ಳಿಗಳಿಗೆ ಒಯ್ದರೆ ಎಷ್ಟೊಂದು ಜೀವ ಉಳಿಯಬೇಡ? 2011ರಿಂದ 2014ರವರೆಗೆ ಆರು ದೇಶಗಳಲ್ಲಿ, ಭಾರತದಲ್ಲಿ ಬೆಳಗಾವಿ ಮತ್ತು ನಾಗಪುರ ಪ್ರದೇಶಗಳಲ್ಲಿ, ಸುಮಾರು ಒಂದು ಲಕ್ಷ ಹೆರಿಗೆಗಳ ಮೇಲೆ ಇದನ್ನು ಪರೀಕ್ಷಿಸಿದರು. ಫಲಿತಾಂಶ ಎಲ್ಲರನ್ನೂ ಬೆಚ್ಚಿಬೀಳಿಸಿತು. ಚಿಕ್ಕ ಮಕ್ಕಳ ಸಾವು ಕಡಿಮೆಯಾಗಲಿಲ್ಲ. ಎಲ್ಲ ಮಕ್ಕಳನ್ನೂ ಲೆಕ್ಕಕ್ಕೆ ಹಿಡಿದರೆ ಸಾವು ಸಾವಿರಕ್ಕೆ 23.9ರಿಂದ 27.4ಕ್ಕೆ ಏರಿತ್ತು, ತಾಯಂದಿರಲ್ಲಿ ಸೋಂಕಿನ ಶಂಕೆಯೂ ಹೆಚ್ಚಿತ್ತು. ಚುಚ್ಚುಮದ್ದು ಪಡೆದ ಬಹುತೇಕ ತಾಯಂದಿರು ಹೆತ್ತದ್ದು ಚಿಕ್ಕ ಮಕ್ಕಳನ್ನಲ್ಲ. ಅಷ್ಟರಲ್ಲಿ ಭಾರತ ಸರ್ಕಾರ 2014ರಲ್ಲೇ ದೊಡ್ಡ ಆಸ್ಪತ್ರೆಗೆ ಕಳಿಸುವ ಮುನ್ನ ಒಂದು ಡೋಸ್ ಕೊಡಲು ಹಳ್ಳಿಯ ದಾದಿಯರಾದ ಎಎನ್‌ಎಂಗಳಿಗೂ ಅನುಮತಿ ಕೊಟ್ಟಿತ್ತು.

ಪ್ರಶ್ನೆ ಹಾಗೇ ಬಿಡುವಂಥದ್ದಾಗಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಭಾರತ, ಬಾಂಗ್ಲಾದೇಶ, ಪಾಕಿಸ್ತಾನ, ಕೆನ್ಯಾ, ನೈಜೀರಿಯಾಗಳ 29 ಆಸ್ಪತ್ರೆಗಳಲ್ಲಿ ಹೊಸ ಪ್ರಯೋಗ ಹೂಡಿತು. ಭಾರತದ ತಂಡಗಳಲ್ಲಿ ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ಶಿವಪ್ರಸಾದ ಗೌಡರ ಅವರದೂ ಒಂದು. ಈ ಸಲ ಹಳ್ಳಿಯ ಉಪಕೇಂದ್ರವಲ್ಲ, ಹುಟ್ಟಿದ ಮಗುವನ್ನು ನೋಡಿಕೊಳ್ಳುವ ವ್ಯವಸ್ಥೆಯಿದ್ದ ಆಸ್ಪತ್ರೆ. ಈ ಸಲ ಗರ್ಭದ ವಯಸ್ಸು ಅಂದಾಜಿನದಲ್ಲ, ಸ್ಕ್ಯಾನ್ ಮಾಡಿ ತಿಳಿದದ್ದು. ‘ಯುಗಾದಿ ಕಳೆದು ಎಂಟು ದಿನಕ್ಕೆ ಮುಟ್ಟು ನಿಂತದ್ದು’ ಎಂಬ ಲೆಕ್ಕದ ಮೇಲೆ ಕೊಡುವ ಔಷಧಿ ಇದಲ್ಲ ಎಂಬುದು ಹಿಂದಿನ ಪೆಟ್ಟಿನಿಂದ ಗೊತ್ತಾಗಿತ್ತು. 2,852 ತಾಯಂದಿರಲ್ಲಿ ಅರ್ಧದಷ್ಟು ಜನಕ್ಕೆ 6 ಮಿಲಿಗ್ರಾಂ ಡೆಕ್ಸಾಮೆಥಸೋನ್, ಹನ್ನೆರಡು ಗಂಟೆಗೊಂದರಂತೆ ನಾಲ್ಕು ಸಲ. ಹೊಸಹುಟ್ಟಿನ ಮಕ್ಕಳ ಸಾವು ಶೇ 23.5ರಿಂದ 19.6ಕ್ಕೆ ಇಳಿಯಿತು, ತಾಯಂದಿರಲ್ಲಿ ಸೋಂಕು ಹೆಚ್ಚಲಿಲ್ಲ. ಲಾಭ ಅಷ್ಟು ಸ್ಪಷ್ಟವಾಗಿದ್ದರಿಂದ ಪ್ರಯೋಗವನ್ನು ನಡುವೆಯೇ ನಿಲ್ಲಿಸಿ 2020ರಲ್ಲಿ ಫಲಿತಾಂಶ ಪ್ರಕಟಿಸಿದರು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಶಿಫಾರಸನ್ನು ಪರಿಷ್ಕರಿಸಿದಾಗ ಔಷಧಿಯ ಹೆಸರಿನ ಜೊತೆಗೆ ಷರತ್ತುಗಳನ್ನೂ ಬರೆಯಿತು: ಗರ್ಭದ ವಾರ ನಿಖರವಾಗಿ ಗೊತ್ತಿರಬೇಕು, ತಾಯಿಗೆ ಸೋಂಕಿನ ಲಕ್ಷಣ ಇರಬಾರದು, ಹುಟ್ಟಿದ ಮಗುವಿಗೆ ಬೆಚ್ಚನೆಯ ಜಾಗ, ಹಾಲು, ಆಮ್ಲಜನಕ ಅಲ್ಲೇ ಸಿಗುವಂತಿರಬೇಕು.